ಏದುಸಿರಿನಲ್ಲಿ ಗುರಿ: ಬಯಾಥ್ಲಾನ್ ಸೀಸನ್‌ನ ಮೊದಲ ಸ್ಪರ್ಧೆ ನೋಡುವುದು ಹೇಗೆ?

ಪ್ರಶ್ನೆ: ಬಯಾಥ್ಲಾನ್ (ಹಿಮದ ಮೇಲೆ ಸ್ಕೀ ಓಡುತ್ತಾ ನಡುನಡುವೆ ರೈಫಲ್‌ನಿಂದ ಗುರಿ ಹೊಡೆಯುವ ಆಟ) ವಿಶ್ವಕಪ್‌ನ ಮೊದಲ ಸ್ಪರ್ಧೆಯನ್ನು ಮಗಳ ಜೊತೆ ಮೊಬೈಲ್‌ನಲ್ಲಿ ನೋಡಿದೆ. ಬರೀ 50 ಮೀಟರ್ ದೂರದ ಗುರಿಯನ್ನು ಹೆಸರಾಂತ ಆಟಗಾರರೇ ಎರಡೆರಡು ಸಲ ತಪ್ಪಿಸಿದರು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮರದ ಮೇಲಿನ ತೆಂಗಿನಕಾಯಿ ಉರುಳಿಸುವ ನಮ್ಮೂರಿನವರೇ ವಾಸಿ ಅಲ್ವಾ? ಮೊದಲ ಸ್ಪರ್ಧೆಯಲ್ಲೇ ಹೀಗಾದರೆ ಅವರ ವರ್ಷ ಹೋದ ಹಾಗೆಯೇ? ಮಗಳಿಗೆ 13 ವರ್ಷ, ತಾನೂ ಕಲಿಯುತ್ತೇನೆ ಅನ್ನುತ್ತಾಳೆ. ಹಿಮವೇ ಬೀಳದ ಕೊಡಗಿನಲ್ಲಿ ಇದು ಆಗುವ ಮಾತೇ?
– ನಾಪೋಕ್ಲು ಕಡೆಯ ಓದುಗರು

ಉತ್ತರ: ನಿಮ್ಮೂರಿನವರ ಗುರಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಒಂದು ಕೆಲಸ ಮಾಡಿ ನೋಡಿ. ಕಾಫಿ ಕಣದಿಂದ ತೋಟದ ಏರು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ನಿಲ್ಲದೆ ಓಡಿ ಬಂದು ಒಂದು ಕೋಲನ್ನು ಕೋವಿಯ ಹಾಗೆ ಭುಜಕ್ಕೆ ಕೊಟ್ಟು ಎದುರಿನ ಸಿಲ್ವರ್ ಓಕ್ ಮರದ ಒಂದೇ ಒಂದು ಎಲೆಗೆ ಗುರಿ ಹಿಡಿಯಿರಿ. ಕೋಲಿನ ತುದಿ ಎಲೆಯ ಮೇಲೆ ನಿಲ್ಲುವುದಿಲ್ಲ. ಎದೆ ಬಡಿದ ಹಾಗೆಲ್ಲ ಅದೂ ಕುಣಿಯುತ್ತದೆ. ಬಯಾಥ್ಲಾನ್‌ನ ಕಷ್ಟ ಇರುವುದು ಅಲ್ಲೇ. ನಮ್ಮ ಹಬ್ಬದಲ್ಲಿ ಹೊಡೆಯುವವರು ನಿಂತಲ್ಲೇ ನಿಂತು, ಉಸಿರು ಸರಿಮಾಡಿಕೊಂಡು ಹೊಡೆಯುತ್ತಾರೆ. ಇವರಿಗೆ ಆ ಪುರಸೊತ್ತಿಲ್ಲ.

ಸ್ಪ್ರಿಂಟ್ ಸ್ಪರ್ಧೆಯನ್ನೇ ನೋಡಿ. ಗಂಡಸರಿಗೆ 10 ಕಿ.ಮೀ., ಹೆಂಗಸರಿಗೆ 7.5 ಕಿ.ಮೀ. ಸ್ಕೀ ಓಟ, ಅದೂ ಕಡಿಮೆ ಅಂದರೂ 3.5 ಕೆ.ಜಿ. ತೂಕದ ರೈಫಲ್ ಬೆನ್ನಿಗೆ ಕಟ್ಟಿಕೊಂಡು. ನಡುವೆ ಒಮ್ಮೆ ಮಲಗಿ, ಒಮ್ಮೆ ನಿಂತು, ಐದೈದು ಗುಂಡು. ಮಲಗಿ ಹೊಡೆಯುವ ಗುರಿ 45 ಮಿ.ಮೀ., ಅಂದರೆ ಹೆಚ್ಚುಕಮ್ಮಿ ಒಂದು ನಿಂಬೆಹಣ್ಣು. ನಿಂತು ಹೊಡೆಯುವಾಗ 115 ಮಿ.ಮೀ., ಸುಲಿದ ತೆಂಗಿನಕಾಯಿಯಷ್ಟು ಅನ್ನಿ. ಒಂದು ತಪ್ಪಿದರೆ 150 ಮೀಟರ್‌ನ ದಂಡದ ಸುತ್ತು ಸುತ್ತಬೇಕು. ವೈಯಕ್ತಿಕ ಎಂಬ ಉದ್ದದ ಸ್ಪರ್ಧೆಯಲ್ಲಿ ಸುತ್ತು ಇಲ್ಲ, ತಪ್ಪಿದ ಪ್ರತಿ ಗುಂಡಿಗೆ ಒಂದು ನಿಮಿಷ ಸೇರಿಸುತ್ತಾರೆ.

ಮುಂದಿನ ಸಲ ಓಟ ಬಿಟ್ಟು ಗುಂಡು ಹೊಡೆಯುವ ಆ ಅರ್ಧ ನಿಮಿಷವನ್ನು ಹತ್ತಿರದಿಂದ ನೋಡಿ, ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಮಲಗಿ ಹೊಡೆಯುವ ಚಾಪೆ ಹತ್ತಿರ ಬರುವ ಮೊದಲೇ ಜಾಣರು ಸ್ವಲ್ಪ ವೇಗ ಇಳಿಸುತ್ತಾರೆ. ಬರುತ್ತಲೇ ಪಕ್ಕದ ಬಾವುಟ ನೋಡಿ ಗಾಳಿ ಎತ್ತ ಅಂತ ತಿಳಿದುಕೊಳ್ಳುತ್ತಾರೆ. ಸ್ಕೀ ಕೋಲು ಕೆಳಗಿಟ್ಟು, ರೈಫಲ್ ಇಳಿಸಿ, ಹಿಮ ತುಂಬದಂತೆ ಮುಚ್ಚಿದ್ದ ಮುಚ್ಚಳ ತೆಗೆದು, ಮಲಗಿ, ರೈಫಲ್‌ನ ಪಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆ ಪಟ್ಟಿಯ ಮೂಲಕ ತೋಳಿನ ನಾಡಿ ಬಡಿತ ಕೂಡ ರೈಫಲ್‌ಗೆ ಹೋಗುತ್ತದೆ! ಉಸಿರು ಬಿಟ್ಟು, ಚೂರು ತಡೆದು, ಒಂದು ಗುಂಡು. ಮತ್ತೆ ಉಸಿರು. ಗುಂಡು ತಾಗಿದರೆ ಕಪ್ಪು ಗುರಿ ಬಿಳಿಯಾಗುತ್ತದೆ. ಎಷ್ಟೋ ಸಲ ನಾಲ್ಕು ಬಿಳಿಯಾದ ಮೇಲೆ ಐದನೆಯದು ತಪ್ಪುವುದು ಅವಸರದಿಂದ.

ಇನ್ನು ಮೊದಲ ಸ್ಪರ್ಧೆಯ ವಿಷಯ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತಕ್ಕೆ ನಾವು ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜೆ ಮಾಡುವ ಹೊತ್ತಿಗೆ ಅವರು ಟಾರ್ ರಸ್ತೆಯ ಮೇಲೆ ಗಾಲಿ ಸ್ಕೀ ಹಾಕಿಕೊಂಡು ಬೆವರು ಸುರಿಸುತ್ತಿರುತ್ತಾರೆ. ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದು ನಾವು ಕದಿರು ತೆಗೆಯುವ ಹೊತ್ತಿಗೆ ಅವರ ವಿಶ್ವಕಪ್ ಶುರು. ಈಚಿನ ವರ್ಷಗಳಲ್ಲಿ ಅದು ಸ್ವೀಡನ್‌ನ ಓಸ್ಟರ್‌ಸುಂಡ್ ಅಥವಾ ಫಿನ್ಲೆಂಡ್‌ನ ಕೊಂಟಿಯೊಲಾಹ್ಟಿಯಲ್ಲಿ. ಓಸ್ಟರ್‌ಸುಂಡ್‌ನಲ್ಲಿ ಹಿಂದಿನ ಚಳಿಗಾಲದ ಹಿಮವನ್ನು ಬೇಸಿಗೆಯಿಡೀ ಮರದ ಹೊಟ್ಟಿನಡಿ ಮುಚ್ಚಿಟ್ಟು ಉಳಿಸಿಕೊಳ್ಳುತ್ತಾರೆ, ಹೊಸ ಹಿಮ ಬೀಳದಿದ್ದರೂ ಸ್ಪರ್ಧೆ ನಿಲ್ಲಬಾರದಲ್ಲ. ಬೇಸಿಗೆಯ ಕೈಗೂ ಈ ಚಳಿಯ ಕೈಗೂ ತುಂಬಾ ವ್ಯತ್ಯಾಸ. ಬೆರಳು ಮರಗಟ್ಟಿದರೆ ಟ್ರಿಗರ್ ಎಷ್ಟು ಒತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ದೊಡ್ಡವರೂ ಈ ವಾರ ತಪ್ಪುತ್ತಾರೆ.

ಇದರಿಂದ ವರ್ಷ ಹೋಗುವುದಿಲ್ಲ. 2023ರಲ್ಲಿ ಓಸ್ಟರ್‌ಸುಂಡ್‌ನ ಗಂಡಸರ 20 ಕಿ.ಮೀ. ವೈಯಕ್ತಿಕ ಸ್ಪರ್ಧೆ ಗೆದ್ದದ್ದು ಜರ್ಮನಿಯ ರೋಮನ್ ರೀಸ್. ಆದರೆ ಆ ಸೀಸನ್‌ನ ಒಟ್ಟು ಅಂಕಗಳ ಕಪ್ ಹೋದದ್ದು ನಾರ್ವೆಯ ಯೋಹಾನ್ನೆಸ್ ಥಿಂಗ್ನೆಸ್ ಬ್ಯೋ ಕೈಗೆ. ಅದೇ ವಾರ ಹೆಂಗಸರಲ್ಲಿ ಗೆದ್ದ ಇಟಲಿಯ ಲೀಸಾ ವಿಟ್ಟೊಟ್ಸಿ ಮಾತ್ರ ಕೊನೆಗೆ ಕಪ್ಪನ್ನೂ ಎತ್ತಿದರು. ಗೆದ್ದವರಿಗೆ 90 ಅಂಕ, ಎರಡನೆಯವರಿಗೆ 75. ಮಾರ್ಚ್‌ವರೆಗೆ ಸ್ಪರ್ಧೆ ಇರುವಾಗ ಮೊದಲ ವಾರದ ಹಿನ್ನಡೆ ತುಂಬಿಕೊಳ್ಳಬಹುದು. ನಾನಾದರೆ ಅಂಕಪಟ್ಟಿ ನೋಡುವುದಿಲ್ಲ, ಮೊದಲ ಗುಂಡಿಗೆ ಯಾರು ಎಷ್ಟು ಹೊತ್ತು ತೆಗೆದುಕೊಂಡರು ಅಂತ ನೋಡುತ್ತೇನೆ.

ಮಗಳ ಮಾತು ಕೇಳಿ ಖುಷಿಯಾಯಿತು. ಆಗುತ್ತದೆ, ಶುರು ಮಾಡಿಸಿ. ಹಿಮದ ಚಿಂತೆ ಈಗಲೇ ಬೇಡ, ಅದಕ್ಕೆ ಮುಂದೆ ಗುಲ್ಮಾರ್ಗ್, ಔಲಿ ಇವೆ. ಮನೆಯ ಕೋವಿ ಮಾತ್ರ ಅವಳ ಕೈಗೆ ಕೊಡಲೇಬೇಡಿ. ತರಬೇತುದಾರರ ಎದುರು 10 ಮೀಟರ್ ಏರ್ ರೈಫಲ್ ಕಲಿಯಲಿ. ಗಾಲಿ ಸ್ಕೀಗೆ ನಮ್ಮ ತಿರುವಿನ ರಸ್ತೆ ಸರಿಯಲ್ಲ, ವಾಹನಗಳ ಕಾಟ ಬೇರೆ. ಏರು ಓಟವೇ ಸಾಕು. ಓಡಿ ಬಂದು ಲೇಸರ್ ಪಿಸ್ತೂಲಿನಿಂದ ಹೊಡೆಯುವ ಲೇಸರ್ ರನ್ ಎಂಬ ಸ್ಪರ್ಧೆಯೂ ಇದೆ, ಈ ವಯಸ್ಸಿಗೆ ತುಂಬಾ ಒಳ್ಳೆಯದು. ಮೊದಲ ಆರು ತಿಂಗಳು ಓಟ ಬೇರೆ, ಗುರಿ ಬೇರೆ ಇರಲಿ. ಆಮೇಲೆ ತರಬೇತುದಾರರನ್ನು ಕೇಳಿ, ರೇಂಜ್‌ನ ಹೊರಗೆ ಎರಡು ಸುತ್ತು ಓಡಿ ಬಂದು ಐದು ಗುಂಡು ಹೊಡೆಯಲು ಬಿಡಿ. ಎಷ್ಟು ತಾಗಿತು ಅನ್ನುವುದಕ್ಕಿಂತ, ಮೊದಲ ಗುಂಡಿಗೆ ಮುಂಚೆ ಎಷ್ಟು ಉಸಿರು ತೆಗೆದುಕೊಂಡೆ ಅಂತ ಪುಸ್ತಕದಲ್ಲಿ ಬರೆದಿಡಲು ಹೇಳಿ.