ಘಟನೆ ಎಲ್ಲಿದೆ ಎಂದು ಕೇಳಿದ ಓದುಗರಿಗೆ

ಕಳೆದ ಸಂಚಿಕೆಯಲ್ಲಿ ವರ್ಣಚಿತ್ರಗಳಿಂದ ಹುಟ್ಟಿದ ಮೂರು ಸಣ್ಣಕತೆಗಳು ಪ್ರಕಟವಾಗಿದ್ದವು. ಅವನ್ನು ಓದಿದ ಹಳೆಯ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: ‘ಒಂದರಲ್ಲಿ ಹೆಂಗಸು ಹಾಲು ಸುರಿಯುತ್ತಾಳೆ, ಇನ್ನೊಂದರಲ್ಲಿ ಪತ್ರ ಓದುತ್ತಾಳೆ, ಮತ್ತೊಂದರಲ್ಲಿ ತೊಟ್ಟಿಲ ಪಕ್ಕ ಕುಳಿತಿರುತ್ತಾಳೆ. ಘಟನೆ ಎಲ್ಲಿದೆ? ಚಿತ್ರ ಹೇಳಿ ಮುಗಿಸಿದ್ದನ್ನು ಕತೆ ಮತ್ತೆ ಏಕೆ ಹೇಳಬೇಕು?’

ಮಾನ್ಯರೇ, ನೀವು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ತಪ್ಪಿದ ಒಂದು ಅಕ್ಷರವೂ ನಿಮ್ಮ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅಂಥ ಕಣ್ಣುಳ್ಳವರೇ ಹೀಗೆ ಕೇಳಿದ್ದು ನನಗೆ ನೋವಾಯಿತು.

ನಿಮ್ಮ ಒಂದು ಮಾತನ್ನು ಒಪ್ಪುತ್ತೇನೆ. ಚಿತ್ರವನ್ನು ಎದುರಿಗಿಟ್ಟುಕೊಂಡು ಉಡುಪಿನ ಬಣ್ಣ, ಕಿಟಕಿಯ ಬೆಳಕು, ಕಣ್ಣಂಚಿನ ನೀರು ಎಂದು ಪಟ್ಟಿ ಮಾಡಿ ಮುಗಿಸುವ ಬರಹಗಳು ಸಾಕಷ್ಟು ಬರುತ್ತವೆ. ಅವು ಚಿತ್ರದ ಅಡಿಬರಹಗಳೇ ಹೊರತು ಕತೆಗಳಲ್ಲ. ಅವನ್ನು ಹಿಂದಿರುಗಿಸುತ್ತೇನೆ.

ಆದರೆ ಚಿತ್ರ ಹೇಳಿ ಮುಗಿಸಿದೆ ಎಂದಿರಲ್ಲ, ಅದು ಹೇಗೆ? ಡಚ್ ಚಿತ್ರಕಾರ ವರ್ಮೀರ್ 1650ರ ದಶಕದ ಕೊನೆಯಲ್ಲಿ ಬರೆದ ಚಿತ್ರವೊಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ತೆರೆದ ಕಿಟಕಿಯ ಬಳಿ ಯುವತಿಯೊಬ್ಬಳು ಪತ್ರ ಓದುತ್ತಿದ್ದಾಳೆ, ಬಹುಕಾಲ ಅವಳ ಹಿಂದೆ ಕಾಣುತ್ತಿದ್ದುದು ಬರಿಯ ಗೋಡೆ. ಆ ಗೋಡೆಯ ಮೌನವನ್ನು ಹೊಗಳಿದವರಿಗೆ ಲೆಕ್ಕವಿಲ್ಲ. 1979ರಲ್ಲಿ ಕ್ಷ-ಕಿರಣ ಹಾಯಿಸಿ ನೋಡಿದಾಗ ಗೋಡೆಯ ಬಣ್ಣದಡಿಯಲ್ಲಿ ಪ್ರೇಮದೇವತೆ ಕ್ಯೂಪಿಡ್‌ನ ದೊಡ್ಡ ಚಿತ್ರ ಕಾಣಿಸಿತು. ವರ್ಮೀರನೇ ಮನಸ್ಸು ಬದಲಿಸಿ ಅದನ್ನು ಮುಚ್ಚಿರಬೇಕು ಎಂದು ಎಲ್ಲರೂ ನಂಬಿದರು. ಆಮೇಲಿನ ಪರೀಕ್ಷೆಗಳು ಬೇರೆಯದನ್ನೇ ಹೇಳಿದವು: ಆ ಬಣ್ಣ ಬಳಿದದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, ಬೇರೆ ಯಾರೋ. ಅದನ್ನು ಕೆರೆದು ತೆಗೆದ ಮೇಲೆ 2021ರಲ್ಲಿ ಚಿತ್ರ ಮತ್ತೆ ಪ್ರದರ್ಶನಕ್ಕೆ ಬಂತು. ಒಬ್ಬ ಹೆಣ್ಣಿನ ಮನಸ್ಸಿನಲ್ಲಿದ್ದುದರ ಗುರುತನ್ನು ಯಾರೋ ಮುಚ್ಚಿದರು, ನಾವು ಆ ಮುಚ್ಚಿಗೆಯನ್ನೇ ಅವಳ ಸ್ವಭಾವ ಎಂದುಕೊಂಡು ತಲೆದೂಗಿದೆವು. ಇದಕ್ಕಿಂತ ದೊಡ್ಡ ಘಟನೆ ನಿಮಗೆ ಯಾವುದು ಬೇಕು?

ಹಾಲು ಸುರಿಯುವವಳ ಚಿತ್ರವೂ ವರ್ಮೀರನದೇ. ಅವಳ ಹಿಂದಿನ ಗೋಡೆಯಲ್ಲಿ ಒಂದು ಮೊಳೆಯಿದೆ, ಅದಕ್ಕೆ ಏನನ್ನೂ ತೂಗುಹಾಕಿಲ್ಲ. ನೀವು ಬೇಸರಪಟ್ಟ ಕತೆ ಆ ಮೊಳೆಯಿಂದಲೇ ಶುರುವಾಗುತ್ತದೆ, ಗಮನಿಸಿದಿರಾ?

ಇನ್ನು ತೊಟ್ಟಿಲು. ಫ್ರೆಂಚ್ ಕಲಾವಿದೆ ಬರ್ತ್ ಮೊರಿಸೊ ಆ ಚಿತ್ರ ಬರೆದದ್ದು 1872ರಲ್ಲಿ. ತಾಯಿ ಒಂದು ಕೈಗೆ ತಲೆಯಾನಿಸಿ ಕುಳಿತಿದ್ದಾಳೆ, ಇನ್ನೊಂದು ಕೈಯಲ್ಲಿ ತೊಟ್ಟಿಲ ಪರದೆಯ ಅಂಚು. ತಾಯ್ತನದ ಪ್ರಶಾಂತ ಚಿತ್ರ ಎಂದು ಅದನ್ನು ಕ್ಯಾಲೆಂಡರುಗಳಲ್ಲಿ ಅಚ್ಚು ಹಾಕುತ್ತಾರೆ. ಆದರೆ ಆ ತಾಯಿ ಯಾರು? ಬರ್ತ್‌ಳ ಅಕ್ಕ ಎಡ್ಮಾ. ಅವಳೂ ಚಿತ್ರಕಲಾವಿದೆಯೇ. ಅಕ್ಕತಂಗಿಯರು ಒಟ್ಟಿಗೆ ಕಲಿತರು, ಹೆಸರಾಂತ ಚಿತ್ರಕಾರ ಕೊರೊನಂಥ ಗುರುವಿನಿಂದ ಪಾಠ ಹೇಳಿಸಿಕೊಂಡರು, ಒಟ್ಟಿಗೆ ಪ್ರದರ್ಶನಗಳಿಗೆ ಚಿತ್ರ ಕಳುಹಿಸಿದರು. 1869ರಲ್ಲಿ ಎಡ್ಮಾ ನೌಕಾಪಡೆಯ ಅಧಿಕಾರಿಯನ್ನು ಮದುವೆಯಾದಳು, ಕುಂಚ ಕೆಳಗಿಟ್ಟಳು. ಕಾಲು ಗಂಟೆಯ ಮಟ್ಟಿಗಾದರೂ ನಿನ್ನ ಚಿತ್ರಶಾಲೆಗೆ ತಪ್ಪಿಸಿಕೊಂಡು ಬರಬೇಕೆನಿಸುತ್ತದೆ ಎಂದು ತಂಗಿಗೆ ಬರೆದ ಪತ್ರ ಇಂದಿಗೂ ಉಳಿದಿದೆ.

ಈಗ ಆ ಚಿತ್ರವನ್ನು ಮತ್ತೆ ನೋಡಿ. ಬಿಟ್ಟವಳು ಕುಳಿತಿದ್ದಾಳೆ, ಬಿಡದವಳು ಬರೆಯುತ್ತಿದ್ದಾಳೆ. ಇಬ್ಬರ ನಡುವೆ ಮಲಗಿದ ಮಗು. ಅಕ್ಕನಿಗೆ ಅಸೂಯೆಯಿತ್ತೇ? ತಂಗಿಗೆ ಅಳುಕಿತ್ತೇ? ಮಗುವಿನ ಮುಖ ನೋಡುತ್ತ ಎಡ್ಮಾ ಪರದೆಯ ಬಿಳುಪಿಗೆ ಯಾವ ಬಣ್ಣ ಬೆರೆಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳೇ? ಅದನ್ನು ಚಿತ್ರ ಹೇಳುವುದಿಲ್ಲ, ಹೇಳಲಾರದು. ಅಲ್ಲಿಗೆ ಕತೆಗಾರ್ತಿಯೇ ಹೋಗಬೇಕು. 1874ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ರದರ್ಶನದಲ್ಲಿ ಈ ಚಿತ್ರವನ್ನು ಯಾರೂ ಕೊಳ್ಳಲಿಲ್ಲ, 1930ರವರೆಗೂ ಅದು ಮನೆಯವರಲ್ಲೇ ಉಳಿಯಿತು. ಅಂದಿನವರಿಗೂ ಅದರಲ್ಲಿ ಏನೂ ನಡೆಯುತ್ತಿಲ್ಲ ಎನಿಸಿತೋ ಏನೋ.

ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರನ ಒಂಟಿ ಹೆಂಗಸರನ್ನು ನೀವು ಕಂಡಿರುತ್ತೀರಿ. 1927ರ ಚಿತ್ರವೊಂದರಲ್ಲಿ ರಾತ್ರಿ ಹೊತ್ತು ಒಂದು ಕೈಗವಸು ಮಾತ್ರ ಕಳಚಿ, ಕಾಫಿಯ ಬಟ್ಟಲು ಹಿಡಿದು ಕುಳಿತವಳು ಅವನ ಹೆಂಡತಿ ಜೋ. ಅವಳೂ ಕಲಾವಿದೆ. 1923ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಅವಳ ಜಲವರ್ಣಗಳನ್ನು ಕೇಳಿದಾಗ, ಇವನದನ್ನೂ ಸೇರಿಸಿಕೊಳ್ಳಿ ಎಂದು ಹೇಳಿದವಳೇ ಅವಳು. ಅವನ ಒಂದು ಚಿತ್ರವನ್ನು ಮ್ಯೂಸಿಯಂ ಕೊಂಡುಕೊಂಡಿತು, ಅವನ ಹೆಸರು ಏರತೊಡಗಿತು. ಅವಳು ಮುಂದೆ ಅವನ ಚಿತ್ರಗಳಲ್ಲಿ ಹೆಸರಿಲ್ಲದ ಹೆಂಗಸಾಗಿ ಕುಳಿತಳು.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಗಂಡಸೊಬ್ಬ ಕಿಟಕಿಯ ಹೊರಗೆ ನೋಡುತ್ತ ಹತ್ತು ಪುಟ ಕಳೆದರೆ ಅದನ್ನು ಅಸ್ತಿತ್ವದ ಶೋಧ ಎನ್ನುವ ವಿಮರ್ಶೆ, ಹೆಂಗಸು ಅದೇ ಕಿಟಕಿಯ ಬಳಿ ನಿಂತರೆ ಅಡುಗೆಮನೆ ಸಾಹಿತ್ಯ ಎಂದು ಮುಗಿಸಿಬಿಡುತ್ತದೆ. ಕೊಲೆಯೋ ಓಡಿಹೋಗುವುದೋ ಇರದಿದ್ದರೆ ಅವಳ ದಿನದಲ್ಲಿ ಕತೆಯೇ ಇಲ್ಲ ಎಂದು ಬರೆಯುವವರಿಗೆ ಕಲಿಸಿದವರು ನಾವು, ಪತ್ರಿಕೆಗಳವರು. ಪುಟ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅವಳು ಸುಮ್ಮನೆ ಕುಳಿತು ಯೋಚಿಸುವ ಪ್ಯಾರಾಕ್ಕೇ.

ನಾನೂ ಕತ್ತರಿ ಹಿಡಿದವನೇ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಕತೆಯೊಂದು ಬಂದಿತ್ತು. ಕನ್ನಡಿಯ ಮುಂದೆ ಕುಳಿತವಳ ಚಿತ್ರವೊಂದನ್ನು ನೋಡುತ್ತ ಒಬ್ಬ ಗೃಹಿಣಿ ಮಧ್ಯಾಹ್ನ ಕಳೆಯುವ ಕತೆ. ಕನ್ನಡಿಯಲ್ಲಿ ಕಾಣುವ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಅವಳು ಕೊನೆಯವರೆಗೂ ಯೋಚಿಸುತ್ತಾಳೆ. ನಾನು ಅದನ್ನು ‘ಘಟನೆ ಎಲ್ಲಿದೆ?’ ಎಂದು ಅಂಚಿನಲ್ಲಿ ಬರೆದು ವಾಪಸು ಮಾಡಿದೆ. ಅಕ್ಷರಶಃ ನಿಮ್ಮ ಪ್ರಶ್ನೆಯೇ. ಆ ಲೇಖಕಿಯಿಂದ ಮತ್ತೆಂದೂ ಏನೂ ಬರಲಿಲ್ಲ. ಆಕೆಯ ಹೆಸರು ಮರೆತಿದ್ದೇನೆ, ಆ ಬಾಗಿಲನ್ನು ಮರೆತಿಲ್ಲ.

ಅವರು ಇದನ್ನು ಓದುತ್ತಿದ್ದರೆ, ಆ ಹಸ್ತಪ್ರತಿ ಇನ್ನೂ ಅವರಲ್ಲಿದ್ದರೆ, ದಯವಿಟ್ಟು ಮತ್ತೆ ಕಳುಹಿಸಲಿ. ಒಂದು ಸಾಲನ್ನೂ ಕತ್ತರಿಸದೆ ಅಚ್ಚು ಹಾಕುತ್ತೇನೆ.

– ಸಂಪಾದಕ