ಎಚ್-4 ವೀಸಾದಲ್ಲಿ ಬುಕ್‌ಕೀಪಿಂಗ್ ಕೆಲಸ: ಮತ್ತೆ ಎರಡು ವರ್ಷ ಓದಬೇಕೆ?

ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.

ದಾವಣಗೆರೆ ಕಡೆಯವರು, 36 ವರ್ಷ, ಬಿ.ಕಾಂ. ಊರಿನಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕವನ್ನು ಆರು ವರ್ಷ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ನೋಡಿಕೊಂಡವರು. ಈಗ ಮೂರು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಪತಿಯದು ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್‌ಗಾಗಿ ಅವರ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದೆ. ಹಾಗಾಗಿ ಸಂಗಾತಿಯ ಎಚ್-4 ವೀಸಾದಲ್ಲಿರುವ ಇವರಿಗೂ ಕೆಲಸಕ್ಕೆ ಅನುಮತಿ ಕೊಡುವ ಇಎಡಿ ಕಾರ್ಡ್ ಬಂದಿದೆ. ಬುಕ್‌ಕೀಪರ್ (ಲೆಕ್ಕ ಬರೆಯುವವರು) ಹುದ್ದೆಗೆ ಎಷ್ಟು ಅರ್ಜಿ ಹಾಕಿದರೂ ಒಂದೂ ಕರೆ ಇಲ್ಲ. "ಇಲ್ಲಿನ ಡಿಗ್ರಿ ಇಲ್ಲದಿದ್ರೆ ಯಾರೂ ತಗೊಳಲ್ವಂತೆ ಮೇಡಂ. ಮತ್ತೆ ಎರಡು ವರ್ಷ ಓದಬೇಕಾ?" ಎಂದು ಸಲಹೆಗೆ ಬಂದಾಗ ನಮ್ಮನ್ನು ಕೇಳಿದರು.

ಬೇಡ ಎಂದೆವು. ಡೆಬಿಟ್ ಕ್ರೆಡಿಟ್ ಎಲ್ಲಿ ಹೋದರೂ ಒಂದೇ, ಅದು ಅವರಿಗೆ ಕರಗತ. ಕೊರತೆ ಇರುವುದು ಇಲ್ಲಿನ ಪೇರೋಲ್ (ಸಂಬಳದ ಲೆಕ್ಕ), ಸೇಲ್ಸ್ ಟ್ಯಾಕ್ಸ್ ಮತ್ತು ಲೆಕ್ಕದ ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್‌ನಲ್ಲಿ. ರೆಸ್ಯೂಮೆ ತುಂಬ ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ ಎಂದಿತ್ತು. ಇಲ್ಲಿನ ಸಣ್ಣ ಕಚೇರಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಾಡಿದ ಅದೇ ಕೆಲಸವನ್ನು ಅಕೌಂಟ್ಸ್ ಪೇಯಬಲ್ (ಕೊಡಬೇಕಾದ ಹಣ), ರಿಸೀವಬಲ್ (ಬರಬೇಕಾದ ಹಣ), ಬ್ಯಾಂಕ್ ರಿಕನ್ಸಿಲಿಯೇಷನ್ (ಬ್ಯಾಂಕ್ ಲೆಕ್ಕದೊಂದಿಗೆ ತಾಳೆ) ಎಂದು ಬರೆಯಲು ಹೇಳಿದೆವು.

ಕಮ್ಯುನಿಟಿ ಕಾಲೇಜಿನಲ್ಲಿ ನಾಲ್ಕು ಕೋರ್ಸ್ ಸಾಕು: ಫೈನಾನ್ಷಿಯಲ್ ಅಕೌಂಟಿಂಗ್, ಕ್ವಿಕ್‌ಬುಕ್ಸ್, ಪೇರೋಲ್, ಎಕ್ಸೆಲ್. ಮೊದಲನೆಯದನ್ನು ಗೊತ್ತಿರುವ ವಿಷಯವೆಂದು ಬಿಡಬಾರದು, ಇಲ್ಲಿನ ಪದಗಳೆಲ್ಲ ಬಾಯಿಗೆ ಬರುವುದು ಅದರಲ್ಲೇ. ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ 46 ಡಾಲರ್, ಅಂದರೆ 4 ಯೂನಿಟ್‌ನ ಕೋರ್ಸಿಗೆ 184. ಹೊರಗಿನವರಿಗೆ ಇದರ ಹಲವು ಪಟ್ಟು. ಎಚ್-4ನವರೂ ಒಂದು ವರ್ಷ ಒಂದು ದಿನ ವಾಸವಿದ್ದು ಪುರಾವೆ ಕೊಟ್ಟರೆ ನಿವಾಸಿಗಳಾಗುತ್ತಾರೆ; ರಾಜ್ಯದ ತೆರಿಗೆ ರಿಟರ್ನ್, ಡ್ರೈವಿಂಗ್ ಲೈಸೆನ್ಸ್ ಮುಂದಿಡಬೇಕು. ಎಡವುವುದು ಅರ್ಜಿಯಲ್ಲೇ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಅರ್ಜಿ ಎಫ್-1 ವಿದ್ಯಾರ್ಥಿ ವೀಸಾದವರಿಗೆ. ಎಚ್-4ನಲ್ಲೇ ಓದಬಹುದಾದ್ದರಿಂದ ಮಾಮೂಲಿ ಅರ್ಜಿ ತುಂಬಿ, ವೀಸಾ ಕಾಲಂನಲ್ಲಿ ಎಚ್-4 ಎಂದು ನಮೂದಿಸಬೇಕು.

ಅಭ್ಯಾಸಕ್ಕೆಂದು ಕ್ವಿಕ್‌ಬುಕ್ಸ್‌ನಲ್ಲಿ ಅವರು ಮಾಡಿದ್ದ ಲೆಕ್ಕ ನೋಡಿದೆವು. 500 ಮತ್ತು 300 ಡಾಲರಿನ ಎರಡು ಇನ್‌ವಾಯ್ಸ್‌ಗೆ ಚೆಕ್ ಬಂದಿದೆ, ರಿಸೀವ್ ಪೇಮೆಂಟ್ ಹಾಕಿದ್ದಾರೆ. ಹಣ ಅನ್‌ಡೆಪಾಸಿಟೆಡ್ ಫಂಡ್ಸ್‌ನಲ್ಲಿ (ಇನ್ನೂ ಬ್ಯಾಂಕಿಗೆ ಕಟ್ಟದ ಹಣದ ಖಾತೆ) ಕೂತಿದೆ. ಎರಡೂ ಚೆಕ್ ಒಟ್ಟಿಗೆ ಕಟ್ಟಿದ್ದರಿಂದ ಬ್ಯಾಂಕ್ ಫೀಡ್‌ನಲ್ಲಿ (ಬ್ಯಾಂಕಿನಿಂದ ತಾನಾಗಿ ಬರುವ ವಹಿವಾಟಿನ ಪಟ್ಟಿ) 800 ಎಂದು ಒಂದೇ ಸಾಲು ಬಂತು. ಅದಕ್ಕೆ ಮ್ಯಾಚ್ ಸಿಗದೆ 'ಆ್ಯಡ್' ಒತ್ತಿ ಸೇಲ್ಸ್‌ಗೆ ಹಾಕಿಬಿಟ್ಟಿದ್ದರು. ಇನ್‌ವಾಯ್ಸ್ ಮಾಡಿದಾಗಲೇ 800 ಆದಾಯ ಸೇರಿದ್ದರಿಂದ ಈಗ ಆದಾಯ 1,600 ಆಯಿತು, ಅನ್‌ಡೆಪಾಸಿಟೆಡ್‌ನಲ್ಲಿ 800 ಹಾಗೇ ಉಳಿಯಿತು. ಮೊದಲು ಬ್ಯಾಂಕ್ ಡೆಪಾಸಿಟ್ ತೆರೆದು ಎರಡೂ ಚೆಕ್ ಸೇರಿಸಿ, ಆಮೇಲೆ ಫೀಡ್‌ನ ಸಾಲಿಗೆ 'ಮ್ಯಾಚ್' ಒತ್ತಬೇಕಿತ್ತು. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ್ದನ್ನು ಖರ್ಚಿಗೆ ಹಾಕುವುದೂ ಇದೇ ಜಾತಿಯ ತಪ್ಪು: ಖರೀದಿಯಾದ ದಿನವೇ ಖರ್ಚು ಬಿದ್ದಿರುತ್ತದೆ, ಕಟ್ಟುವುದು ಬರೀ ಟ್ರಾನ್ಸ್‌ಫರ್, ಟ್ಯಾಲಿಯಲ್ಲಿ ನಗದು, ಬ್ಯಾಂಕ್ ನಡುವೆ ಹಣ ಬದಲಿಸುವ ಕಾಂಟ್ರಾ ಇದ್ದ ಹಾಗೆ. ಇದನ್ನು ಹಿಡಿದು ಸರಿಪಡಿಸಬಲ್ಲವರಿಗೆ ಸಂದರ್ಶನದಲ್ಲಿ ಬೆಲೆಯಿದೆ.

ಪೇರೋಲ್‌ನಲ್ಲಿ ಕೈಗೆ ಹೋದ ಸಂಬಳವನ್ನೇ ಖರ್ಚೆಂದು ಬರೆಯುವವರು ಬಹಳ. 2,000 ಡಾಲರ್ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) 6.2% ಎಂದರೆ 124, ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) 1.45% ಎಂದರೆ 29, ಜೊತೆಗೆ ಆದಾಯ ತೆರಿಗೆಯೂ ಕಡಿತವಾಗುತ್ತದೆ. ಖರ್ಚು ಮಾತ್ರ ಪೂರ್ತಿ 2,000; ಮಾಲೀಕರು ತಮ್ಮ ಪಾಲಿಗೆ ಕಟ್ಟುವ 153 ಬೇರೆ. ಸೇಲ್ಸ್ ಟ್ಯಾಕ್ಸ್‌ಗೆ ಜಿಎಸ್‌ಟಿಯಂತೆ ಇನ್‌ಪುಟ್ ಕ್ರೆಡಿಟ್ (ಕೊಂಡಾಗ ಕೊಟ್ಟ ತೆರಿಗೆಯನ್ನು ಕಳೆಯುವುದು) ಇಲ್ಲ. ಮರುಮಾರಾಟದ ಸರಕಾದರೆ ಪ್ರಮಾಣಪತ್ರ ಕೊಟ್ಟು ತೆರಿಗೆಯಿಲ್ಲದೆ ಕೊಳ್ಳುತ್ತಾರೆ, ಗ್ರಾಹಕರಿಂದ ವಸೂಲಾದ ತೆರಿಗೆ ಆದಾಯಕ್ಕಲ್ಲ, ಸರ್ಕಾರಕ್ಕೆ ಕೊಡಬೇಕಾದ ಹೊಣೆಯ ಖಾತೆಗೇ ಹೋಗಬೇಕು.

ಇಲ್ಲಿನ ಅನುಭವವಿಲ್ಲ ಎಂಬ ಅಡ್ಡಿಗೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ವೀಟಾ ಕಾರ್ಯಕ್ರಮ ಒಳ್ಳೆಯ ದಾರಿ. ಪರೀಕ್ಷೆ ಪಾಸಾದ ಸ್ವಯಂಸೇವಕರು ಕಡಿಮೆ ಆದಾಯದವರಿಗೆ ಉಚಿತವಾಗಿ ರಿಟರ್ನ್ ತುಂಬಿಕೊಡುತ್ತಾರೆ. ಒಂದೇ ಸೀಸನ್‌ನಲ್ಲಿ ಡಬ್ಲ್ಯು-2 (ಸಂಬಳದ), 1099 (ಇತರ ಆದಾಯದ) ಫಾರಂಗಳು ಕಣ್ಣಿಗೆ ರೂಢಿಯಾಗುತ್ತವೆ. ಕ್ವಿಕ್‌ಬುಕ್ಸ್ ಬಲ್ಲವರೆಂದು ಪ್ರಮಾಣಪತ್ರ ಕೊಡುವ ಕ್ವಿಕ್‌ಬುಕ್ಸ್ ಆನ್‌ಲೈನ್‌ನ ಪ್ರೊಅಡ್ವೈಸರ್ ಪರೀಕ್ಷೆಗೂ ದುಡ್ಡಿಲ್ಲ. 

ಬರೀ ಎಂಟ್ರಿ ಮಾಡುವ ಕೆಲಸ ಸಾಫ್ಟ್‌ವೇರ್‌ನಿಂದಾಗಿ ಕಡಿಮೆಯಾಗುತ್ತಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಸಿಪಿಎ (ಇಲ್ಲಿನ ಸಿಎ) ಕಚೇರಿಗಳಲ್ಲಿ ತೆರಿಗೆ ಸೀಸನ್‌ ಆದ ಜನವರಿಯಿಂದ ಏಪ್ರಿಲ್‌ವರೆಗೆ ತಾತ್ಕಾಲಿಕ ಕೈಗಳು ಬೇಕಾಗುತ್ತವೆ, ಅರ್ಜಿ ನವೆಂಬರ್‌ನಲ್ಲೇ ಕೊಡಿ ಎಂದೆವು. ಇಎಡಿ ಮುಗಿಯುವ 180 ದಿನ ಮೊದಲೇ ನವೀಕರಣಕ್ಕೆ ಹಾಕಬಹುದು. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಕಳಿಸಿದೆವು.