ವಿವರಣೆ ಒಂದು, ಕೋಡ್ ಇನ್ನೊಂದು ಆಗದಂತೆ

ಪ್ರಶ್ನೆ: ಫಾಸ್ಟಿಫೈನಲ್ಲಿ (ನೋಡ್ ಜೆಎಸ್‌ನ ವೆಬ್ ಫ್ರೇಮ್‌ವರ್ಕ್) ಆರ್ಡರ್ ಎಪಿಐ ಬರೆದಿದ್ದೇವೆ. ಎಪಿಐ ಏನು ಪಡೆದು ಏನು ಕೊಡುತ್ತದೆ ಎಂದು ತಿಳಿಸುವ ಓಪನ್‌ಎಪಿಐ ವಿವರಣೆಯನ್ನು ಬೇರೊಂದು ಯಾಮೆಲ್ ಫೈಲ್‌ನಲ್ಲಿ ಕೈಯಾರೆ ಬರೆದು ಪ್ರಕಟಿಸುತ್ತೇವೆ. ಕೋಡ್ ಬದಲಾದಾಗಲೆಲ್ಲ ಫೈಲ್ ಹಳೆಯದಾಗಿಯೇ ಉಳಿಯುತ್ತದೆ. ಏನು ಮಾಡಬೇಕು?

ಉತ್ತರ: ಆ ಫೈಲನ್ನು ಕೈಬಿಡಿ. ಪ್ರತಿ ರೂಟ್‌ನಲ್ಲೇ (ಎಪಿಐನ ಒಂದೊಂದು ವಿಳಾಸ) ಬಾಡಿ, ಕ್ವೆರಿ, ಪ್ಯಾರಾಮ್ಸ್, ರೆಸ್ಪಾನ್ಸ್‌ಗಳ ಸ್ಕೀಮಾ, ಅಂದರೆ ಯಾವ ಫೀಲ್ಡ್ ಯಾವ ಟೈಪ್ ಎಂಬ ನಿಯಮ, ಬರೆಯಿರಿ. ಅದೇ ಸ್ಕೀಮಾದಿಂದ ಫಾಸ್ಟಿಫೈ ಬಳಸುವ ಎಜೆವಿ ಎಂಬ ಲೈಬ್ರರಿ ರಿಕ್ವೆಸ್ಟನ್ನು ಪರಿಶೀಲಿಸುತ್ತದೆ, ಫಾಸ್ಟಿಫೈ ಸ್ವ್ಯಾಗರ್ ಪ್ಲಗಿನ್ ವಿವರಣೆಯನ್ನು ತಯಾರಿಸುತ್ತದೆ. ಪ್ಲಗಿನ್‌ಗೆ ಓಪನ್‌ಎಪಿಐ ಆಯ್ಕೆ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಹಳೆಯ ಸ್ವ್ಯಾಗರ್ 2.0 ರೂಪದಲ್ಲಿ ಬರುತ್ತದೆ.

ಇನ್ನು ರೆಸ್ಪಾನ್ಸ್ ಸ್ಕೀಮಾ ಬರೀ ದಾಖಲೆಯಲ್ಲ. ಅದರಲ್ಲಿ ಹೆಸರಿಸದ ಫೀಲ್ಡ್‌ಗಳನ್ನು ಫಾಸ್ಟಿಫೈ ಉತ್ತರದಿಂದ ಬಿಟ್ಟುಬಿಡುತ್ತದೆ. ಡೇಟಾಬೇಸ್‌ನಿಂದ ಬಂದ ಪಾಸ್‌ವರ್ಡ್ ಹ್ಯಾಶ್ ಹೊರಗೆ ಹೋಗದಂತೆ ಇದು ತಡೆಯುತ್ತದೆ. ಈ ಒಂದೇ ಕಾರಣ ಸಾಕು, ದಯವಿಟ್ಟು ಬರೆಯಿರಿ.

ಪ್ರಶ್ನೆ: ಹಾಗೆಯೇ ಮಾಡಿದೆವು, ಆದರೆ ವಿವರಣೆಯಲ್ಲಿ ಒಂದು ರೂಟ್ ಕೂಡ ಕಾಣುತ್ತಿಲ್ಲ.

ಉತ್ತರ: ಪ್ಲಗಿನ್ ರಿಜಿಸ್ಟರ್ ಆಗುವ ಮೊದಲೇ ರೂಟ್‌ಗಳು ಸೇರಿಕೊಂಡಿವೆ. ಪ್ರತಿ ರೂಟ್ ಸೇರುವಾಗ ಪ್ಲಗಿನ್ ಅದನ್ನು ಹಿಡಿದುಕೊಳ್ಳುತ್ತದೆ; ಅದಕ್ಕೂ ಮುಂಚೆ ಬಂದದ್ದು ಅದಕ್ಕೆ ತಿಳಿಯುವುದಿಲ್ಲ. ಅದು ಮುಗಿಯುವವರೆಗೆ ಕಾಯುವಂತೆ ರಿಜಿಸ್ಟರ್ ಸಾಲಿಗೆ ಅವೇಟ್ ಹಾಕಿ, ಆಮೇಲೆ ರೂಟ್ ಬರೆಯಿರಿ.

ಪ್ರಶ್ನೆ: ಪ್ರಮಾಣ ಎಂಬ ಫೀಲ್ಡ್ ಇಂಟಿಜರ್. ಗ್ರಾಹಕರ ಆ್ಯಪ್ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಕಳಿಸಿದರೂ ತಪ್ಪು ರಿಕ್ವೆಸ್ಟ್ ಎಂಬ 400 ದೋಷ ಬರದೆ 0 ಎಂದು ಸೇವ್ ಆಗುತ್ತಿದೆ. ಸ್ಕೀಮಾದಲ್ಲಿಲ್ಲದ ಫೀಲ್ಡ್ ಬೇಡವೆನ್ನುವ ಅಡಿಷನಲ್‌ಪ್ರಾಪರ್ಟೀಸ್ ಫಾಲ್ಸ್ ಎಂದಿದ್ದರೂ ತಪ್ಪು ಹೆಸರಿನ ಫೀಲ್ಡ್ ಬಂದರೆ ದೋಷ ತೋರಿಸುವುದಿಲ್ಲ.

ಉತ್ತರ: ಎರಡಕ್ಕೂ ಕಾರಣ ಫಾಸ್ಟಿಫೈ ಎಜೆವಿಗೆ ಕೊಡುವ ಡೀಫಾಲ್ಟ್ ಆಯ್ಕೆಗಳು. ಬಂದ ಮೌಲ್ಯವನ್ನು ಬೇಕಾದ ಟೈಪ್‌ಗೆ ಬದಲಿಸುವ ಕೊಯರ್ಸ್‌ಟೈಪ್ಸ್ ಚಾಲೂ ಇರುವುದರಿಂದ ಸಂಖ್ಯೆ ಬೇಕಾದಲ್ಲಿ ನಲ್ ಬಂದರೆ 0, ಸ್ಟ್ರಿಂಗ್ ಬೇಕಾದಲ್ಲಿ ಬಂದರೆ ಖಾಲಿ ಸ್ಟ್ರಿಂಗ್ ಆಗುತ್ತದೆ. ರಿಮೂವ್‌ಅಡಿಷನಲ್ ಚಾಲೂ ಇರುವುದರಿಂದ ಹೆಚ್ಚುವರಿ ಫೀಲ್ಡ್ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಕೂಪನ್ ಫೀಲ್ಡಿನ ಹೆಸರು ತಪ್ಪಾಗಿ ಬಂದರೆ ರಿಯಾಯಿತಿ ಇಲ್ಲದ ಆರ್ಡರ್ ದಾಖಲಾಗುತ್ತದೆ, ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಎರಡನ್ನೂ ಎಲ್ಲೆಡೆ ಆಫ್ ಮಾಡಿದರೆ ಮತ್ತೊಂದು ತೊಂದರೆ. ಕ್ವೆರಿಯಲ್ಲಿ ಬರುವುದೆಲ್ಲ ಸ್ಟ್ರಿಂಗ್. ಪೇಜ್ 2 ಎಂದು ಕಳಿಸಿದರೂ ಇಂಟಿಜರ್ ಅಲ್ಲವೆಂದು 400 ಬರುತ್ತದೆ. ಆದ್ದರಿಂದ ಎರಡು ಎಜೆವಿ ಇಟ್ಟುಕೊಳ್ಳಿ. ಸೆಟ್‌ವ್ಯಾಲಿಡೇಟರ್‌ಕಂಪೈಲರ್‌ಗೆ ನೀವು ಕೊಡುವ ಫಂಕ್ಷನ್‌ಗೆ ರಿಕ್ವೆಸ್ಟಿನ ಯಾವ ಭಾಗ ಎಂದು ಹೇಳುವ ಎಚ್‌ಟಿಟಿಪಿಪಾರ್ಟ್ ಸಿಗುತ್ತದೆ; ಅದು ಬಾಡಿ ಆಗಿದ್ದರೆ ಕಟ್ಟುನಿಟ್ಟಿನ ಎಜೆವಿ, ಉಳಿದವಕ್ಕೆ ಟೈಪ್ ಬದಲಿಸುವ ಎಜೆವಿ ಬಳಸಿ. ಬಾರದ ಫೀಲ್ಡಿಗೆ ಸ್ಕೀಮಾದ ಡೀಫಾಲ್ಟ್ ಮೌಲ್ಯ ತುಂಬುವ ಯೂಸ್‌ಡೀಫಾಲ್ಟ್ಸ್ ಆಯ್ಕೆಯನ್ನು ಎರಡರಲ್ಲೂ ನೀವೇ ಹಾಕಬೇಕು. ಇಮೇಲ್, ದಿನಾಂಕದಂತಹ ಫಾರ್ಮ್ಯಾಟ್‌ಗಳಿಗೆ ಎಜೆವಿ-ಫಾರ್ಮ್ಯಾಟ್ಸ್ ಪ್ಯಾಕೇಜ್ ಸೇರಿಸಬೇಕು. ಆ್ಯಡ್‌ಸ್ಕೀಮಾದಿಂದ ಹಂಚಿಕೊಂಡ ಸ್ಕೀಮಾಗಳು ನೀವು ಕಟ್ಟಿದ ಎಜೆವಿಗೆ ತಾನಾಗಿ ಬರುವುದಿಲ್ಲ. ಅಲ್ಲಿಗೂ ಸೇರಿಸದಿದ್ದರೆ ಸರ್ವರ್ ಶುರುವಾಗುವಾಗಲೇ ರೆಫರೆನ್ಸ್ ಸಿಗಲಿಲ್ಲ ಎಂಬ ದೋಷ ಬರುತ್ತದೆ.

ಎಜೆವಿಯ ಆಲ್‌ಎರರ್ಸ್ ಆಯ್ಕೆ ಮಾತ್ರ ಆಫ್ ಆಗಿಯೇ ಇರಲಿ. ಎಲ್ಲ ತಪ್ಪುಗಳನ್ನೂ ಒಟ್ಟಿಗೆ ತೋರಿಸುವುದು ಒಳ್ಳೆಯದೆನಿಸುತ್ತದೆ, ಆದರೆ ಬೇಕೆಂದೇ ಹದಗೆಡಿಸಿದ ದೊಡ್ಡ ಬಾಡಿ ಕಳಿಸಿ ಸರ್ವರನ್ನು ಬಳಲಿಸಲು ಅದರಿಂದ ದಾರಿಯಾಗುತ್ತದೆ.

ಪ್ರಶ್ನೆ: ಸ್ಕೀಮಾದಲ್ಲಿ ಎಗ್ಸಾಂಪಲ್ ಬರೆದರೆ ಸರ್ವರ್ ಶುರುವಾಗುವುದೇ ಇಲ್ಲವಲ್ಲ?

ಉತ್ತರ: ಅದು ಓಪನ್‌ಎಪಿಐನ ಪದ, ಜೇಸನ್ ಸ್ಕೀಮಾದ್ದಲ್ಲ, ಗೊತ್ತಿಲ್ಲದ ಪದಗಳನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್‌ನಲ್ಲಿ ಎಜೆವಿ ಒಪ್ಪುವುದಿಲ್ಲ. ಎಗ್ಸಾಂಪಲ್ಸ್ ಎಂಬ ಬಹುವಚನ ಬಳಸಿ, ಅದಕ್ಕೆ ಅರೇ ಕೊಡಿ.